ಮಿದುಳಿನ ನಕಾಶೆಯಲ್ಲಿ ತಿಕೋಟಾ ಎಲ್ಲಿದೆ?

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತ ಬಂದಿದ್ದೇವೆಂದರೆ, ಅದರ ಹಿಂದೆ ಒಂದು ಕಾಯಿಲೆ ಅಡಗಿರಬಹುದೆಂಬ ಸಂಶಯವೇ ಬಹುಕಾಲ ನಮಗೆ ಬರಲಿಲ್ಲ. ಆಗಷ್ಟೇ ಉಂಡು ಕೈತೊಳೆದು ಮತ್ತೆ ಊಟ ಕೇಳುವ ಆಯಿ, ನಲವತ್ತು ವರ್ಷ ನಡೆದಾಡಿದ ತೋಟದ ದಾರಿಯನ್ನೇ ಮರೆತು ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಕುಳಿತ ಮುತ್ಯಾ, ಮಗನನ್ನು ತಮ್ಮನೆಂದು ತಿಳಿದು ಮಾತನಾಡಿಸುವ ಅವ್ವ– ಇಂಥವರು ಪ್ರತಿ ಓಣಿಯಲ್ಲೂ ಇದ್ದಾರೆ. ಮನೆಮಂದಿ ಮೊದಲು ನಗುತ್ತಾರೆ. ಆಮೇಲೆ ರೇಗುತ್ತಾರೆ. ಕೊನೆಗೊಂದು ದಿನ ಹೊರಗಿನಿಂದ ಚಿಲಕ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ. ಇದರಲ್ಲಿ ಯಾರ ಕ್ರೌರ್ಯವೂ ಇಲ್ಲ. ಏನಾಗುತ್ತಿದೆ ಎಂಬ ತಿಳಿವಳಿಕೆ ಇಲ್ಲ, ಅಷ್ಟೆ.

ಈ ತಿಳಿವಳಿಕೆಯ ಕೊರತೆಗೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ನಮ್ಮ ದೇಶದ ಅರವತ್ತು ದಾಟಿದವರಲ್ಲಿ ಶೇಕಡ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು ಅಂದಾಜು ಮಾಡಿತು. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದರ ಪ್ರಮಾಣ ಹೆಚ್ಚು ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಮರೆವಿನ ಕಾಯಿಲೆ ನಗರದ ಓದಿದವರಿಗೆ ಬರುವಂಥದ್ದು ಎಂದು ನಂಬಿಕೊಂಡಿದ್ದವರು ಗಮನಿಸಬೇಕಾದ ಮಾತಿದು.

ವಿಜಯಪುರದ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ವೈದ್ಯಕೀಯದ ಪಾಂಡಿತ್ಯವಿಲ್ಲ. ಆದರೂ ಹಳೆಯ ವಿದ್ಯಾರ್ಥಿಗಳು ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಆಗಾಗ ಮನೆಗೆ ಬರುವುದುಂಟು. ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಕೆಲ ವರ್ಷಗಳ ಹಿಂದೆ ಹಾಗೆಯೇ ಬಂದಿದ್ದರು. ತಂದೆಗೆ ಮರೆವು ಹೆಚ್ಚಾಗಿ, ತಜ್ಞ ವೈದ್ಯರು ಪೆಟ್ ಸ್ಕ್ಯಾನ್ ಆಗಬೇಕೆಂದು ಬರೆದುಕೊಟ್ಟಿದ್ದರು. ‘ಸರ್, ನಮ್ಮ ಅಪ್ಪನ ತಲಿಗೆ ಯಾವ ಪೆಟ್ಟೂ ಬಿದ್ದಿಲ್ಲರಿ. ಮತ್ತ ಪೆಟ್ ಸ್ಕ್ಯಾನ್ ಯಾಕಂತ?’ ಎಂದು ಅವರು ಕೇಳಿದಾಗ ಇಬ್ಬರೂ ನಕ್ಕೆವು. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನಗುವಷ್ಟು ಸುಲಭವಾಗಿರಲಿಲ್ಲ. ಆ ಯಂತ್ರ ಏನನ್ನು ನೋಡುತ್ತದೆ, ಏನನ್ನು ನೋಡಲಾರದು, ನೋಡಿದ್ದನ್ನು ಯಾರೊಡನೆ ಹೋಲಿಸುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸದೆ ಅದಕ್ಕೆ ಉತ್ತರವಿಲ್ಲ.

ಪೆಟ್ ಎಂಬುದು ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ ಎಂಬ ಉದ್ದನೆಯ ಹೆಸರಿನ ಸಂಕ್ಷಿಪ್ತ ರೂಪ. ಸಿ.ಟಿ. ಸ್ಕ್ಯಾನ್ ಮತ್ತು ಸಾಮಾನ್ಯ ಎಂ.ಆರ್.ಐ. ಮಿದುಳಿನ ರಚನೆಯನ್ನು ತೋರಿಸುತ್ತವೆ. ಮನೆಗೆ ಹೋಲಿಸುವುದಾದರೆ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ, ಮಾಳಿಗೆ ಎಲ್ಲಿ ಕುಸಿದಿದೆ ಎಂಬುದನ್ನು ಅವು ಹೇಳಬಲ್ಲವು. ಪೆಟ್ ಹೇಳುವುದು ಬೇರೆಯದನ್ನು: ಯಾವ ಕೋಣೆಯಲ್ಲಿ ಒಲೆ ಉರಿಯುತ್ತಿದೆ, ಯಾವ ಕೋಣೆಯಲ್ಲಿ ಆರಿದೆ ಎಂಬುದನ್ನು. ಗೋಡೆಗಳೆಲ್ಲ ಗಟ್ಟಿಯಾಗಿದ್ದೂ ಒಲೆ ಆರಿರಬಹುದಲ್ಲವೇ?

ಮಿದುಳಿನ ಒಲೆಗೆ ಸೌದೆ ಯಾವುದು? ಸಕ್ಕರೆ. ಅದರಲ್ಲೂ ಗ್ಲೂಕೋಸ್. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು, ದೇಹ ವಿಶ್ರಾಂತಿಯಲ್ಲಿರುವಾಗ ಬಳಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ತಾನೇ ನುಂಗುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಈ ಗ್ಲೂಕೋಸನ್ನು ಮೊದಲು ಬೇರ್ಪಡಿಸಿದ್ದು ಯಾವುದರಿಂದ ಎಂಬುದು ತಿಕೋಟಾ ಭಾಗದವರಿಗೆ ಖುಷಿ ಕೊಡುವ ಸಂಗತಿ. 1747ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಆಂಡ್ರಿಯಾಸ್ ಮಾರ್ಗ್ರಾಫ್ ಅದನ್ನು ತೆಗೆದದ್ದು ಒಣದ್ರಾಕ್ಷಿಯಿಂದ. ಪ್ರತಿ ಬೇಸಿಗೆಯಲ್ಲಿ ತಿಕೋಟಾ ಸುತ್ತಲಿನ ಶೆಡ್ಡುಗಳಲ್ಲಿ ಸಾಲುಸಾಲಾಗಿ ಒಣಗುವ ಅದೇ ಮಾಲು. ಹಾಗೆಂದು ಒಣದ್ರಾಕ್ಷಿ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಂದು ಯಾರೂ ತಿಳಿಯಬಾರದು, ವ್ಯಾಪಾರಿಗಳಂತೂ ಫಲಕ ಬರೆಸಬಾರದು. ಎಂಥ ಊಟ ಮಾಡಿದರೂ ದೇಹ ಮಿದುಳಿಗೆ ತಲುಪಿಸುವುದು ಬಹುತೇಕ ಅದೇ ಸಕ್ಕರೆಯನ್ನು.

ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ತೆಗೆದುಕೊಳ್ಳುತ್ತದೆ ಎಂಬುದನ್ನು ಅಳೆಯುವುದಕ್ಕೆ ಅಮೆರಿಕದ ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಒಂದು ಜಾಣ ಉಪಾಯ ರೂಪಿಸಿದರು. ಗ್ಲೂಕೋಸಿನ ಅಣುವಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಜೀವಕೋಶ ಅದನ್ನು ಸಕ್ಕರೆಯೆಂದೇ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಅರಗಿಸುವ ಮೊದಲ ಹಂತವೂ ನಡೆಯುತ್ತದೆ. ಮುಂದಿನ ಹಂತ ನಡೆಯುವುದಿಲ್ಲ. ಹೀಗಾಗಿ ಆ ಹುಸಿ ಸಕ್ಕರೆ ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಹಸಿದ ಕೋಶದಲ್ಲಿ ಹೆಚ್ಚು, ಕಡಿಮೆ ಹಸಿದ ಕೋಶದಲ್ಲಿ ಕಡಿಮೆ. ಆ ಹುಸಿ ಸಕ್ಕರೆಗೆ ವಿಕಿರಣಶೀಲ ಫ್ಲೋರಿನ್–18ರ ಗುರುತು ಅಂಟಿಸಿದರೆ ಅದು ಎಲ್ಲೆಲ್ಲಿ ಸಂಗ್ರಹವಾಯಿತೆಂದು ಹೊರಗಿನಿಂದಲೇ ತಿಳಿಯಬಹುದು. ಎಫ್‌ಡಿಜಿ ಎಂದು ಕರೆಯುವ ಈ ವಸ್ತುವನ್ನು ಮನುಷ್ಯರಿಗೆ ಮೊದಲು ಚುಚ್ಚಿ ನೋಡಿದ್ದು 1976ರ ಆಗಸ್ಟ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ. ಅದು ತಯಾರಾಗಿದ್ದು ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ಅಲ್ಲಿಂದ ವಿಮಾನದಲ್ಲಿ ತರಿಸಬೇಕಾಯಿತು. ಈ ಆತುರಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ಪಾಸಿಟ್ರಾನ್. ಎಲೆಕ್ಟ್ರಾನಿನಷ್ಟೇ ತೂಕ, ಅದಕ್ಕೆ ವಿರುದ್ಧವಾದ ಧನ ವಿದ್ಯುದಂಶ ಇರುವ ಕಣ. ಇಂಥದೊಂದು ಕಣ ಇರಬೇಕೆಂಬ ಸುಳಿವು ಪಾಲ್ ಡಿರಾಕ್ 1928ರಲ್ಲಿ ಬರೆದ ಸಮೀಕರಣದಲ್ಲಿತ್ತು. ಕಾರ್ಲ್ ಆಂಡರ್ಸನ್ 1932ರಲ್ಲಿ ಅದನ್ನು ಕಂಡುಹಿಡಿದರು. ಫ್ಲೋರಿನ್–18 ಕ್ಷಯಿಸುವಾಗ ಹೊರಬರುವ ಪಾಸಿಟ್ರಾನು ಒಂದು ಮಿಲಿಮೀಟರಿನ ಆಸುಪಾಸು ಸಾಗುವಷ್ಟರಲ್ಲಿ ಎಲೆಕ್ಟ್ರಾನಿಗೆ ಎದುರಾಗುತ್ತದೆ. ಎರಡೂ ಅಳಿದು, ಅವುಗಳ ಜಾಗದಲ್ಲಿ ಎರಡು ಗ್ಯಾಮಾ ಕಿರಣಗಳು ಹುಟ್ಟಿ, ಒಂದು ಪೂರ್ವಕ್ಕಾದರೆ ಇನ್ನೊಂದು ಪಶ್ಚಿಮಕ್ಕೆ ಎಂಬಂತೆ ಎದುರುಬದುರು ದಿಕ್ಕಿಗೆ ಓಡುತ್ತವೆ.

ಇದನ್ನು ವಿಜಯಪುರದವರಿಗೆ ಬಿಡಿಸಿ ಹೇಳಲು ಗೋಳಗುಮ್ಮಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗುಮ್ಮಟದೊಳಗಿನ ಪಿಸುಮಾತಿನ ಗ್ಯಾಲರಿ ಒಂದು ದೊಡ್ಡ ಬಳೆ. ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಯಿಟ್ಟವನಿಗೆ ಕೇಳುತ್ತದೆ. ಆ ಬಳೆಯ ಸುತ್ತ ಸಾವಿರಾರು ಮಂದಿ ಕಿವಿಗೊಟ್ಟು ನಿಂತಿದ್ದಾರೆಂದು ಭಾವಿಸಿ. ನಡುವೆ ಎಲ್ಲೋ, ಕಣ್ಣಿಗೆ ಕಾಣದ ಕಡೆ, ಎರಡು ಸದ್ದುಗಳು ಒಮ್ಮೆಗೇ ಹುಟ್ಟಿ ಎದುರುಬದುರಾಗಿ ಹೊರಟವು. ಸರಿಯಾಗಿ ಒಂದೇ ಕ್ಷಣಕ್ಕೆ ‘ಕೇಳಿತು’ ಎಂದ ಇಬ್ಬರ ನಡುವೆ ಒಂದು ಗೆರೆ ಎಳೆದರೆ, ಸದ್ದು ಹುಟ್ಟಿದ ಜಾಗ ಆ ಗೆರೆಯ ಮೇಲೆಯೇ ಇರಬೇಕು. ಇಂಥ ಲಕ್ಷಾಂತರ ಗೆರೆಗಳು ಒಂದನ್ನೊಂದು ದಾಟುವ ಬಗೆಯನ್ನು ಲೆಕ್ಕಹಾಕಿ ಕಂಪ್ಯೂಟರು ಚಿತ್ರ ಕಟ್ಟುತ್ತದೆ. ರೋಗಿಯ ತಲೆಯ ಸುತ್ತ ಇರುವ ಪೆಟ್ ಯಂತ್ರದ ಬಳೆ ಮಾಡುವ ಕೆಲಸ ಇಷ್ಟೇ. ವ್ಯತ್ಯಾಸವೆಂದರೆ ಅದರ ‘ಕಿವಿ’ಗಳು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಅವಧಿಯನ್ನೂ ಗುರುತಿಸಬಲ್ಲವು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಟೆರ್–ಪೊಗೊಸಿಯನ್, ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ 1970ರ ದಶಕದ ನಡುಭಾಗದಲ್ಲಿ ಇಂಥ ಯಂತ್ರಕ್ಕೆ ರೂಪ ಕೊಟ್ಟರು.

ಪರೀಕ್ಷೆಯ ಕ್ರಮದಲ್ಲೂ ಒಂದು ಪಾಠವಿದೆ. ರೋಗಿ ಕೆಲವು ತಾಸು ಉಪವಾಸವಿರಬೇಕು. ರಕ್ತದಲ್ಲಿ ಸಕ್ಕರೆ ಏರಿದ್ದರೆ ನಿಜ ಸಕ್ಕರೆಯೇ ಹುಸಿ ಸಕ್ಕರೆಗೆ ಅಡ್ಡಬಂದು ಚಿತ್ರ ಮಸುಕಾಗುತ್ತದೆ. ಚುಚ್ಚುಮದ್ದು ಕೊಟ್ಟ ನಂತರ ಅರ್ಧ ತಾಸಿಗೂ ಹೆಚ್ಚು ಹೊತ್ತು ಮಂದ ಬೆಳಕಿನ ಕೋಣೆಯಲ್ಲಿ ಸುಮ್ಮನೆ ಕೂಡ್ರಿಸುತ್ತಾರೆ. ಮಾತಾಡುವಂತಿಲ್ಲ, ಓದುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಮಿದುಳು ಏನು ಮಾಡುತ್ತದೋ ಅದೇ ಚಿತ್ರದಲ್ಲಿ ಮೂಡುತ್ತದೆ. ಯಂತ್ರ ಸೆರೆಹಿಡಿಯುವುದು ಮನುಷ್ಯನ ಬುದ್ಧಿಯನ್ನಲ್ಲ, ಅವನು ಕಳೆದ ಆ ಅರ್ಧ ತಾಸಿನ ಲೆಕ್ಕವನ್ನು. ಇದನ್ನು ಮರೆತರೆ ಮುಂದಿನ ಎಲ್ಲ ಅರ್ಥಗಳೂ ತಪ್ಪುತ್ತವೆ.

ಈಗ ಆ ವಿಮಾನದ ಆತುರಕ್ಕೆ ಬರೋಣ. ಫ್ಲೋರಿನ್–18ರ ಅರ್ಧಾಯು ಸುಮಾರು 110 ನಿಮಿಷ. ಎರಡು ತಾಸು ಕಳೆಯುವುದರೊಳಗೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ, ಇನ್ನೆರಡು ತಾಸಿಗೆ ಕಾಲುಭಾಗಕ್ಕೆ. ವಿಜಯಪುರದಿಂದ ಬೆಂಗಳೂರು ಐನೂರು ಕಿಲೊಮೀಟರಿಗೂ ದೂರ. ಹತ್ತು ತಾಸಿನ ರಸ್ತೆ ಪ್ರಯಾಣದಲ್ಲಿ ಅಲ್ಲಿಂದ ತಂದ ಔಷಧ ನಲವತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಸಂಶೋಧಕರು ಬಳಸುವ ಆಕ್ಸಿಜನ್–15ರ ಅರ್ಧಾಯುವಂತೂ ಎರಡೇ ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಪಕ್ಕದ ಕೋಣೆಯಲ್ಲೇ ಇರಬೇಕು. ನಮ್ಮ ದೇಶದಲ್ಲಿ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮುಂಬೈಯ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಕೆಲಸ ಆರಂಭಿಸಿದ್ದು 2002ರಲ್ಲಿ. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪೆಟ್ ಮತ್ತು ಎಂ.ಆರ್.ಐ. ಎರಡನ್ನೂ ಒಂದೇ ಸಲಕ್ಕೆ ಮಾಡುವ ಯಂತ್ರವಿದೆ. ಒಟ್ಟಿನಲ್ಲಿ, ಮಿದುಳಿನ ಈ ವಿದ್ಯೆ ಹುಟ್ಟಿನಿಂದಲೇ ಮಹಾನಗರದ ವಿದ್ಯೆ. ಅದಕ್ಕೆ ಯಾರ ಪಕ್ಷಪಾತವೂ ಕಾರಣವಲ್ಲ; ಅಣುವಿನ ಗುಣವೇ ಅಂಥದ್ದು.

ಈ ವಿದ್ಯೆ ಕಲಿಸಿದ್ದಾದರೂ ಏನು? 1988ರಲ್ಲಿ ಸ್ಟೀವನ್ ಪೀಟರ್ಸನ್, ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ಪದವೊಂದನ್ನು ಕಣ್ಣಿಂದ ನೋಡುವಾಗ, ಕಿವಿಯಿಂದ ಕೇಳುವಾಗ, ಬಾಯಿಂದ ನುಡಿಯುವಾಗ, ಅದಕ್ಕೊಪ್ಪುವ ಕ್ರಿಯಾಪದವನ್ನು ಯೋಚಿಸಿ ಹೇಳುವಾಗ ಮಿದುಳಿನ ಬೇರೆಬೇರೆ ಭಾಗಗಳು ಚುರುಕಾಗುವುದನ್ನು ಪೆಟ್ ಮೂಲಕ ತೋರಿಸಿದರು. ಅದಕ್ಕಿಂತ ಅಚ್ಚರಿಯ ಸಂಗತಿ ಬಂದದ್ದು 2001ರಲ್ಲಿ. ಯಾವ ಕೆಲಸವನ್ನೂ ಕೊಡದೆ ಸುಮ್ಮನೆ ಮಲಗಿಸಿದಾಗಲೇ ಹೆಚ್ಚು ಚುರುಕಾಗಿದ್ದು, ಕೆಲಸ ಕೊಟ್ಟೊಡನೆ ತಗ್ಗುವ ಭಾಗಗಳೂ ಮಿದುಳಿನಲ್ಲಿವೆ ಎಂದು ರೈಕ್ಲ್ ತಂಡ ಸ್ಪಷ್ಟಪಡಿಸಿತು. ಹಳೆಯ ನೆನಪು, ನಾಳಿನ ಯೋಚನೆ, ತನ್ನ ಕುರಿತ ಚಿಂತನೆ ಇವುಗಳಿಗೆ ಸಂಬಂಧಪಟ್ಟ ಭಾಗಗಳವು. ಅಗಸಿಯ ಕಟ್ಟೆಯ ಮೇಲೆ ಕುಳಿತ ಮುದುಕರನ್ನು ಕಂಡು ‘ಏನೂ ಕೆಲಸವಿಲ್ಲ, ಸುಮ್ಮನೆ ಕೂತಿದ್ದಾರೆ’ ಎನ್ನುತ್ತೇವಲ್ಲ, ಮಿದುಳಿನ ಮಟ್ಟಿಗೆ ‘ಸುಮ್ಮನೆ’ ಎಂಬ ಸ್ಥಿತಿಯೇ ಇಲ್ಲ. ದುರದೃಷ್ಟವೆಂದರೆ, ಅಲ್ಜೈಮರ್ ಕಾಯಿಲೆ ಮೊದಲು ಕೈಯಿಡುವ ಭಾಗಗಳೂ ಬಹುಮಟ್ಟಿಗೆ ಅವೇ.

ಹಾಗಾದರೆ ಯಂತ್ರ ನೋಡಲಾರದ್ದು ಯಾವುದು? ಪತ್ರಿಕೆಗಳಲ್ಲಿ ಅಚ್ಚಾಗುವ ಕೆಂಪು, ಹಳದಿ, ನೀಲಿಯ ಮಿದುಳಿನ ಚಿತ್ರಗಳನ್ನು ನೋಡಿದವರು ಅದನ್ನು ಮನಸ್ಸಿನ ಛಾಯಾಚಿತ್ರವೆಂದು ತಿಳಿಯುತ್ತಾರೆ. ಆ ಬಣ್ಣ ಮಿದುಳಿನದಲ್ಲ. ಅಂಕಿಗಳಿಗೆ ಕಂಪ್ಯೂಟರು ಹಚ್ಚಿದ್ದು. ಚಿತ್ರದಲ್ಲಿ ಸ್ಪಷ್ಟವಾಗಿ ಬೇರ್ಪಡುವ ಅತಿ ಸಣ್ಣ ಜಾಗ ನಾಲ್ಕೈದು ಮಿಲಿಮೀಟರಿನದು. ಅಷ್ಟರಲ್ಲೇ ಲಕ್ಷಾಂತರ ನರಕೋಶಗಳು ತುಂಬಿರುತ್ತವೆ. ಆ ಭಾಗ ಎಷ್ಟು ಸಕ್ಕರೆ ಬಳಸಿತೆಂದು ಗೊತ್ತಾಗುತ್ತದೆಯೇ ಹೊರತು ಅಲ್ಲಿ ನಡೆದ ಯೋಚನೆ ಹೊಲದ್ದೋ ಮಗಳದ್ದೋ ಎಂದು ಗೊತ್ತಾಗುವುದಿಲ್ಲ. ಕರೆಂಟ್ ಬಿಲ್ ನೋಡಿ ಮನೆಯಲ್ಲಿ ಏನು ಮಾತುಕತೆ ನಡೆಯಿತೆಂದು ಹೇಳಲು ಬರುತ್ತದೆಯೇ?

ಇಷ್ಟು ಮಿತಿಯೊಳಗೂ ಅದರ ಉಪಯೋಗ ನಿಜವಾದದ್ದು. ಅಲ್ಜೈಮರ್‌ನಲ್ಲಿ ಮಿದುಳಿನ ಹಿಂಬದಿಯ ಮೇಲ್ಭಾಗ ಮತ್ತು ಕಿವಿಯ ಪಕ್ಕದ ಭಾಗಗಳಲ್ಲಿ ಸಕ್ಕರೆಯ ಬಳಕೆ ತಗ್ಗುತ್ತದೆ. ಸ್ವಭಾವವೇ ಬದಲಾಗುವ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ತಗ್ಗುವುದು ಹಣೆಯ ಹಿಂದಿನ ಭಾಗ. ಎರಡನ್ನೂ ಬೇರ್ಪಡಿಸಿ ತಿಳಿಯಲು ವೈದ್ಯರಿಗೆ ಇದು ನೆರವಾಗುತ್ತದೆ. ಔಷಧಕ್ಕೆ ಬಗ್ಗದ ಮೂರ್ಛೆರೋಗದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗದ ಮೂಲ ಹುಡುಕಲೂ ಬಳಸುತ್ತಾರೆ. 2004ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ಸಂಯುಕ್ತದ ಪ್ರಯೋಗವು, ಅಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳನ್ನು ರೋಗಿ ಬದುಕಿರುವಾಗಲೇ ನೋಡುವ ದಾರಿ ತೆರೆಯಿತು. ಅಲ್ಲಿಯವರೆಗೆ ಅವು ಖಚಿತವಾಗಿ ಕಾಣುತ್ತಿದ್ದುದು ಸತ್ತ ನಂತರ ಸೂಕ್ಷ್ಮದರ್ಶಕದಲ್ಲಿ. ಆದರೆ ಆ ದಾರಿಯಲ್ಲಿ ಒಂದು ಒಗಟೂ ಎದುರಾಯಿತು. ನೆನಪು ಚೆನ್ನಾಗಿಯೇ ಇರುವ ಎಷ್ಟೋ ಹಿರಿಯರ ಮಿದುಳಿನಲ್ಲೂ ಅಮಿಲಾಯ್ಡ್ ತುಂಬಿರುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ.

ತಿಕೋಟಾದ ಆ ಬೆಳೆಗಾರರು ತಂದೆಯನ್ನು ದೂರದ ನಗರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಸಾವಿರಾರು ರೂಪಾಯಿ ಖರ್ಚು, ಎರಡು ರಾತ್ರಿಯ ಪ್ರಯಾಣ, ಗೊತ್ತಿಲ್ಲದ ಊರಿನಲ್ಲಿ ಕಂಗಾಲಾದ ಮುದುಕ. ಅಲ್ಜೈಮರ್ ಇರುವ ಸಂಭವವೇ ಹೆಚ್ಚು ಎಂದು ವೈದ್ಯರು ಹೇಳಿದರು. ಗುಣಪಡಿಸುವ ಔಷಧವಿಲ್ಲ, ತುಸು ಹಿಡಿದಿಡುವ ಮಾತ್ರೆಗಳಿವೆ ಎಂದರು. ಇಷ್ಟೆಲ್ಲ ಮಾಡಿ ಏನು ಪ್ರಯೋಜನವಾಯಿತೆಂದು ನಾನು ಕೇಳಲಿಲ್ಲ; ಅವರೇ ಹೇಳಿದರು: ‘ಸರ್, ಅಪ್ಪ ಬೇಕಂತ ಮಾಡಾಕತ್ತಿಲ್ಲ ಅನ್ನೂದು ಈಗ ತಿಳೀತು ನೋಡ್ರಿ. ಮನ್ಯಾಗ ಯಾರೂ ಈಗ ಅವಗ ಬಯ್ಯೂದಿಲ್ಲ.’

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಚಿತ್ರವೊಂದು ರೋಗಿಗೆ ಔಷಧ ಕೊಡದಿದ್ದರೂ ಮನೆಮಂದಿಗೆ ವಿವೇಕ ಕೊಟ್ಟಿತು. ಅದು ಕಡಿಮೆಯ ಮಾತಲ್ಲ. ಆದರೆ ಬಯ್ಯುವುದನ್ನು ನಿಲ್ಲಿಸುವುದಕ್ಕೆ ಐನೂರು ಕಿಲೊಮೀಟರ್ ಹೋಗಬೇಕೇ? ಹಾಗೆ ಹೋಗಲು ಶಕ್ತಿಯಿಲ್ಲದ ಮನೆಗಳ ಗತಿಯೇನು? ಬಬಲೇಶ್ವರದ ಕೂಲಿಕಾರರ ಮನೆಯ ಮುದುಕಿಗೆ ಅದೇ ವಿವೇಕ ದೊರಕಿಸುವ ದಾರಿ ಯಾವುದು?

ಮೊದಲನೆಯ ದಾರಿ ಅಗ್ಗದ್ದು, ಹತ್ತಿರದ್ದು. ಮರೆವೆಲ್ಲ ಅಲ್ಜೈಮರ್ ಅಲ್ಲ. ವಿಟಮಿನ್ ಬಿ–12ರ ಕೊರತೆ, ಥೈರಾಯಿಡ್ ಗ್ರಂಥಿಯ ಮಂದಗತಿ, ಖಿನ್ನತೆ, ಕಿವಿ ಮಂದವಾಗಿರುವುದು, ನಿದ್ರೆಯ ತೊಂದರೆ, ಹೊತ್ತುಗೊತ್ತಿಲ್ಲದೆ ನುಂಗುವ ಮಾತ್ರೆಗಳು ಇವೆಲ್ಲವೂ ಮರೆವನ್ನು ತರಬಲ್ಲವು, ಇಲ್ಲವೇ ಇದ್ದ ಮರೆವನ್ನು ಹೆಚ್ಚಿಸಬಲ್ಲವು. ಇವುಗಳಲ್ಲಿ ಹೆಚ್ಚಿನವನ್ನು ರಕ್ತಪರೀಕ್ಷೆಯಿಂದಲೋ ಅರ್ಧ ತಾಸಿನ ವ್ಯವಧಾನದ ಮಾತುಕತೆಯಿಂದಲೋ ಪತ್ತೆಹಚ್ಚಬಹುದು, ಹಲವನ್ನು ಸರಿಪಡಿಸಲೂಬಹುದು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ತಿರುಳು ಇದೇ: ಪ್ರಾಥಮಿಕ ಹಂತದ ವೈದ್ಯರಿಗೇ ಇವನ್ನು ಗುರುತಿಸುವ ತರಬೇತಿ ಕೊಡುವುದು. ಪೆಟ್ ಸರದಿಯಲ್ಲಿ ಕೊನೆಗೆ ಬರಬೇಕಾದ ಪರೀಕ್ಷೆ, ಮೊದಲಿಗಲ್ಲ. ಹಣವುಳ್ಳವರು ‘ಒಮ್ಮೆ ನೋಡಿಯೇ ಬಿಡೋಣ’ ಎಂದು ಮಾಡಿಸುವಂಥದ್ದಂತೂ ಅಲ್ಲವೇ ಅಲ್ಲ. ಒಂದು ಸ್ಕ್ಯಾನಿನಿಂದ ದೇಹಕ್ಕೆ ತಗಲುವ ವಿಕಿರಣ, ನಮ್ಮ ಸುತ್ತಲಿನ ನಿಸರ್ಗದಿಂದ ಎರಡು ಮೂರು ವರ್ಷಗಳಲ್ಲಿ ಬರುವ ವಿಕಿರಣಕ್ಕೆ ಹತ್ತಿರದ್ದು. ಅಗತ್ಯವಿದ್ದವರಿಗೆ ಅದು ಚಿಂತಿಸುವ ಪ್ರಮಾಣವಲ್ಲ. ಕುತೂಹಲಕ್ಕೆ ತೆರುವ ಬೆಲೆಯೂ ಅಲ್ಲ.

ಎರಡನೆಯದು ಹೆಚ್ಚು ಗಹನವಾದ ಪ್ರಶ್ನೆ, ನಾನು ಈ ಲೇಖನ ಬರೆಯಲು ಕಾರಣವಾದ ಪ್ರಶ್ನೆ. ಒಬ್ಬರ ಮಿದುಳಿನ ಚಿತ್ರದಲ್ಲಿ ಸಕ್ಕರೆಯ ಬಳಕೆ ‘ಕಡಿಮೆ’ ಎಂದಾಗ ಯಾರಿಗಿಂತ ಕಡಿಮೆ? ಅದೇ ವಯಸ್ಸಿನ ಆರೋಗ್ಯವಂತರ ಚಿತ್ರಗಳ ಸಂಗ್ರಹವೊಂದರ ಜೊತೆ ಹೋಲಿಸಿ ಆ ತೀರ್ಮಾನಕ್ಕೆ ಬರುತ್ತಾರೆ. ಇಂಥ ಸಂಗ್ರಹಗಳು ಹೆಚ್ಚಾಗಿ ಹುಟ್ಟಿದ್ದು ಅಮೆರಿಕ, ಯುರೋಪು, ಜಪಾನುಗಳಲ್ಲಿ. ಅಲ್ಲಿನ ಶಾಲೆ ಕಲಿತ, ಒಂದೇ ಭಾಷೆಯಲ್ಲಿ ಬದುಕಿದ ಬಹುಸಂಖ್ಯಾತರಿಂದ. ಮಿದುಳಿನ ಗಾತ್ರ, ಆಕಾರಗಳೂ ಜನಸಮುದಾಯದಿಂದ ಸಮುದಾಯಕ್ಕೆ ತುಸು ಬದಲಾಗುತ್ತವೆ. ಹೈದರಾಬಾದಿನ ಐಐಐಟಿಯ ತಂಡ 2019ರಲ್ಲಿ ನೂರು ಮಂದಿಯ ಎಂ.ಆರ್.ಐ. ಚಿತ್ರಗಳಿಂದ ಭಾರತೀಯ ಮಿದುಳಿನ ಮಾದರಿ ನಕಾಶೆಯೊಂದನ್ನು ರೂಪಿಸಿದ್ದು ಈ ಕಾರಣಕ್ಕೇ. ಬಟ್ಟೆಯ ಅಳತೆಯನ್ನು ಬೇರೆಯವರ ಮೈಮೇಲೆ ತೆಗೆದು ನಮಗೆ ಅಂಗಿ ಹೊಲಿದರೆ ಬಿಗಿಯಾಗುವುದು ಅಂಗಿಯ ತಪ್ಪಲ್ಲ, ನಮ್ಮ ಮೈಯ ತಪ್ಪೂ ಅಲ್ಲ.

ಭಾಷೆಯ ಮಾತು ಇಲ್ಲಿ ವಿಶೇಷ ಮಹತ್ವದ್ದು. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿ ಜಗತ್ತಿನ ಗಮನ ಸೆಳೆಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ, ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರವಿತ್ತು. ಆದ್ದರಿಂದ ಇದು ಬರೀ ಶಾಲೆಯ ಓದಿನ ಫಲ ಎನ್ನುವಂತಿರಲಿಲ್ಲ. ಇಟಲಿಯ ಡ್ಯಾನಿಯೆಲಾ ಪೆರಾನಿ ತಂಡ 2017ರಲ್ಲಿ ಪೆಟ್ ಬಳಸಿ ಇದೇ ಪ್ರಶ್ನೆಯ ಬೆನ್ನುಹತ್ತಿತು. ಜರ್ಮನ್ ಮತ್ತು ಇಟಾಲಿಯನ್ ಎರಡನ್ನೂ ಆಡುವ ರೋಗಿಗಳು, ಒಂದೇ ಭಾಷೆಯವರು ಸೇರಿ 85 ಮಂದಿಯ ಮಿದುಳನ್ನು ನೋಡಿತು. ಎರಡು ಭಾಷೆಯವರು ಸರಾಸರಿ ಐದು ವರ್ಷ ಹಿರಿಯರು, ಅವರ ಮಿದುಳಿನಲ್ಲಿ ಸಕ್ಕರೆಯ ಬಳಕೆ ಇನ್ನೂ ಹೆಚ್ಚು ಕುಸಿದಿತ್ತು. ಆದರೂ ನೆನಪಿನ ಕೆಲವು ಪರೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಒಲೆಗಳು ಆರುತ್ತ ಬಂದರೂ ಮನೆಯ ವ್ಯವಹಾರ ನಡೆಸುವ ಬೇರೆ ದಾರಿಗಳನ್ನು ಆ ಮಿದುಳುಗಳು ಕಂಡುಕೊಂಡಿದ್ದವು. ಎಲ್ಲ ಅಧ್ಯಯನಗಳೂ ಈ ಲಾಭವನ್ನು ಕಂಡಿಲ್ಲ, ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ ಎಂಬುದನ್ನೂ ಹೇಳಬೇಕು.

ಚರ್ಚೆ ಬಗೆಹರಿಯಬೇಕಾದರೆ ಎಲ್ಲಿ ಹುಡುಕಬೇಕು? ನಾನಂತೂ ವಿಜಯಪುರದ ಕಡೆ ಕೈ ತೋರಿಸುತ್ತೇನೆ. ತಿಕೋಟಾದಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಗಡಿಯಾಚೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾತಾಡುವ ಊರುಗಳಿವೆ. ಈಚೆ ಒಣದ್ರಾಕ್ಷಿ ಮಾರಲು ತಾಸಗಾಂವ್ ಪೇಟೆಗೆ ಹೋದವನ ಬಾಯಲ್ಲಿ ಮರಾಠಿ ತಾನಾಗಿ ಬರುತ್ತದೆ. ವಿಜಯಪುರ ನಗರದ ಸಂತೆಯಲ್ಲಿ ಕನ್ನಡಕ್ಕೆ ಕೊಟ್ಟಷ್ಟೇ ಸಲೀಸಾಗಿ ದಖನಿ ಉರ್ದುವಿಗೂ ಉತ್ತರ ಕೊಡುವ ತರಕಾರಿ ಮಾರುವ ಅವ್ವಂದಿರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೀಸುವ ಪದಗಳನ್ನು ರಾತ್ರಿಯಿಡೀ ಹಾಡಬಲ್ಲ, ಮೂರು ತಲೆಮಾರಿನ ಸಾಲದ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡ ನಿರಕ್ಷರಿಗಳ ಮಿದುಳು ಹೇಗೆ ಮುಪ್ಪಾಗುತ್ತದೆ? ಜಗತ್ತಿನ ಮಿದುಳು ವಿಜ್ಞಾನಕ್ಕೆ ಬೇಕಾದ ಪ್ರಶ್ನೆ ನಮ್ಮ ಸಂತೆಯಲ್ಲೇ ಕುಳಿತಿದೆ.

ಇದು ಆಗದ ಕೆಲಸವೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಹಳ್ಳಿಯ ಆರೋಗ್ಯವಂತರನ್ನೇ ಸೇರಿಸಿಕೊಂಡು, ಮುಪ್ಪಿನತ್ತ ನಡೆಯುವ ಮಿದುಳನ್ನು ನೋಡುತ್ತ ಹೋಗುವ ಕೆಲಸವಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಐದು ಭಾಷೆಗಳಲ್ಲಿ ರೂಪಿಸಿದ ನೆನಪು, ಗಮನ, ಭಾಷೆಗಳ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಆದರೆ ಕೋಲಾರದ ಕನ್ನಡ ತೆಲುಗಿನ ನೆರೆಯದು, ನಮ್ಮ ಕನ್ನಡ ಮರಾಠಿ–ಉರ್ದುವಿನ ನೆರೆಯದು. ಬಾಳು, ಬೆಳೆ, ರೊಟ್ಟಿ, ನೀರು ಎಲ್ಲವೂ ಬೇರೆ. ‘ಗಂಟೆ ಎಷ್ಟು’ ಎಂದು ಕೇಳಿದರೆ ತಾಸಿನ ಲೆಕ್ಕದಲ್ಲಿ ಬದುಕಿದ ಬಬಲೇಶ್ವರದ ಮುದುಕ ಒಂದು ಗಳಿಗೆ ತಡೆದಾನು; ಆ ತಡೆಯನ್ನು ಮರೆವೆಂದು ಬರೆದುಕೊಳ್ಳಬಾರದು. ನೂರರಿಂದ ಏಳೇಳನ್ನು ಕಳೆಯುತ್ತ ಹೋಗು ಎಂಬ ಪ್ರಶ್ನೆಗೆ ತಬ್ಬಿಬ್ಬಾಗುವ ಅದೇ ವ್ಯಕ್ತಿ, ಒಂದು ಚೀಲ ಜೋಳದ ದರದಲ್ಲಿ ಎಂಟು ಚೀಲಕ್ಕೆ ಎಷ್ಟೆಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳಬಲ್ಲ.

ಆದ್ದರಿಂದ ಪ್ರತಿ ಜಿಲ್ಲೆಗೊಂದು ಪೆಟ್ ಯಂತ್ರ ಬೇಕೆಂದು ಮನವಿಪತ್ರ ಕೊಡುವುದಕ್ಕಿಂತ ಮುಂಚಿನ ಕೆಲಸವೊಂದಿದೆ. ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ದಶಕಗಳಿಂದ ಇವೆ. ಹಿಂದೆ ವಿಜಯಪುರ ತಾಲ್ಲೂಕಿನಲ್ಲೇ ಇದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರ ಕೂಗಳತೆಯಲ್ಲಿವೆ. ಬೆಂಗಳೂರಿನ ಸಂಸ್ಥೆಗಳ ಸಹಕಾರದೊಂದಿಗೆ ಇಲ್ಲಿ ಕೆಲವು ಸಾವಿರ ಹಿರಿಯರನ್ನು ಅವರ ನುಡಿಯಲ್ಲೇ, ಅವರ ಮನೆಯಂಗಳದಲ್ಲೇ ಮಾತನಾಡಿಸಿ, ರಕ್ತ, ರಕ್ತದೊತ್ತಡ, ಕಿವಿ, ಕಣ್ಣುಗಳನ್ನು ಪರೀಕ್ಷಿಸಿ ದಾಖಲಿಸುವ ಅಧ್ಯಯನ ಆರಂಭವಾಗಬೇಕು. ಅವರಲ್ಲಿ ಒಪ್ಪಿ ಮುಂದೆ ಬಂದ ಕೆಲವರಿಗಷ್ಟೇ ಬೆಂಗಳೂರಿನಲ್ಲಿ ಪೆಟ್ ಮಾಡಿಸಿದರೂ ಸಾಕು. ಆ ಕೆಲವರ ಚಿತ್ರಗಳು ‘ಆರೋಗ್ಯವಂತ ಮಿದುಳು’ ಎಂಬ ಸಂಗ್ರಹದೊಳಗೆ ಸೇರಬೇಕು.

ಇದಕ್ಕೆ ಷರತ್ತುಗಳೂ ಇರಬೇಕು. ಹುಸಿ ಸಕ್ಕರೆ ಎಂದರೇನು, ವಿಕಿರಣ ಎಂದರೇನು, ಬೇಡವೆನ್ನುವ ಹಕ್ಕು ಇದೆಯೇ ಎಂಬುದನ್ನು ಸಹಿ ಹಾಕಿಸಿಕೊಳ್ಳುವ ಮೊದಲು ಅವರ ಕನ್ನಡದಲ್ಲಿ, ಅವರ ಉರ್ದುವಿನಲ್ಲಿ ಹೇಳಬೇಕು. ಹೆಬ್ಬೆಟ್ಟು ಒಪ್ಪಿಗೆಯಾಗುವುದು ಅರ್ಥವಾದ ಮೇಲೆ ಮಾತ್ರ. ಕಂಡ ಫಲಿತಾಂಶ ಮನೆಗೆ ಮರಳಬೇಕು. ಬಿ–12 ಕಡಿಮೆಯೆಂದು ಗೊತ್ತಾದವರಿಗೆ ಅಂದೇ ಚಿಕಿತ್ಸೆ ದೊರೆಯಬೇಕು. ಹಳ್ಳಿಯ ಮಿದುಳು ನಗರದ ಪ್ರಬಂಧಕ್ಕೆ ಬರೀ ಕಚ್ಚಾ ಮಾಲಾಗಬಾರದು.

ಸಕ್ಕರೆಯ ಜಾಡು ಹಿಡಿದು ಮಿದುಳನ್ನು ಓದುವ ವಿದ್ಯೆಗೆ ಇಂದು ಅರ್ಧ ಶತಮಾನದ ವಯಸ್ಸು. ನಮ್ಮ ಊರುಗಳಿಗೆ ಆ ಯಂತ್ರ ಇಂದಲ್ಲ ನಾಳೆ ಬಂದೀತು. ಅಂದು ಅದರ ಬಳೆಯೊಳಗೆ ತಲೆಯಿಟ್ಟು ಮಲಗುವ ಮುದುಕಿಯೊಬ್ಬಳನ್ನು ದೂರದೇಶದ ಅಪರಿಚಿತರೊಡನೆ ಹೋಲಿಸಬೇಕೋ, ಅವಳ ಓಣಿಯವರಂಥವರೊಡನೆ ಹೋಲಿಸಬೇಕೋ ಎಂಬುದನ್ನು ತೀರ್ಮಾನಿಸುವ ಹೊತ್ತು ಮಾತ್ರ ಇಂದೇ. ಅಲ್ಲಿಯವರೆಗೆ ಮನೆಯ ಹಿರಿಯರು ಅದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದಾಗ, ಹತ್ತನೆಯ ಸಲವೂ ಸಮಾಧಾನದಿಂದ ಉತ್ತರ ಕೊಡಲು ನಮಗೆ ಯಾವ ಯಂತ್ರದ ಅಪ್ಪಣೆಯೂ ಬೇಕಿಲ್ಲ.